ಎರಡು ಬಣ್ಣದ ಶಾಯಿ: ಕೈಬರಹದ ನೋಟ್‌ಬುಕ್ ಎಲ್ಲಿಗೆ ಬಂತು

ಬೈಬಲ್‌ನ ಭಾಗಗಳನ್ನು ಕೈಯಲ್ಲಿ ನಕಲು ಮಾಡಲು ಶುರು ಮಾಡಿ ಎಂಟು ವಾರ ಆಯ್ತು. 200 ಪುಟದ ನೋಟ್‌ಬುಕ್‌ನಲ್ಲಿ 93 ಪುಟ ತುಂಬಿದೆ. ಅದರಲ್ಲಿ ಒಂದು ಹಾಳೆ ಹರಿದು ಹಾಕಿದ್ದೇನೆ, ಎರಡು ಪುಟ ಶಾಯಿ ಇಳಿದು ಕೆಟ್ಟಿವೆ. ಮೊದಲು ಹಾಕಿಕೊಂಡ ಲೆಕ್ಕಾಚಾರ ಈಗ ಹೆಚ್ಚೇನೂ ಉಳಿದಿಲ್ಲ. ಆದರೂ ಬರೆಯುವುದು ನಿಂತಿಲ್ಲ. ಅದಕ್ಕೇ ಇಲ್ಲಿಯವರೆಗಿನ ಕಥೆಯನ್ನು ಒಂದು ಕಡೆ ಬರೆದಿಡುತ್ತಿದ್ದೇನೆ.

ಯೋಜನೆ ಸರಳವಾಗಿತ್ತು. ಬೈಬಲ್‌ನಲ್ಲಿ ಕೃತಜ್ಞತೆಯ ಮಾತು ಬರುವ ಭಾಗಗಳನ್ನೂ ನಿರೀಕ್ಷೆಯ ಮಾತು ಬರುವ ಭಾಗಗಳನ್ನೂ ಕೈಯಲ್ಲಿ ನಕಲು ಮಾಡುವುದು. ಕೃತಜ್ಞತೆ ಎಡಪುಟಕ್ಕೆ, ಹಸಿರು ಶಾಯಿಯಲ್ಲಿ. ನಿರೀಕ್ಷೆ ಬಲಪುಟಕ್ಕೆ, ನೀಲಿಯಲ್ಲಿ. ಉಳಿದ ಮಾತೆಲ್ಲ ಕಪ್ಪು. ನನ್ನ ತಲೆಯಲ್ಲಿ ಇದ್ದದ್ದು ಇಷ್ಟೇ: ಕೃತಜ್ಞತೆ ಅಂದರೆ ಹಿಂದಕ್ಕೆ ನೋಡುವುದು, ನಿರೀಕ್ಷೆ ಅಂದರೆ ಮುಂದಕ್ಕೆ ನೋಡುವುದು. ಎರಡು ದಿಕ್ಕು, ಎರಡು ಪುಟ.

ಯಾಕೆ ಶುರು ಮಾಡಿದೆ ಅನ್ನುವುದನ್ನೂ ಹೇಳಿಬಿಡುತ್ತೇನೆ. ಅಪ್ಪ ತೀರಿಕೊಂಡ ದಿನ ನಮ್ಮ ಸಭೆಯ, ಅಂದರೆ ಚರ್ಚಿನ, ಹಿರಿಯರೊಬ್ಬರು ನನ್ನ ಭುಜ ಹಿಡಿದು, "ಎಲ್ಲದಕ್ಕೂ ಸ್ತೋತ್ರ ಹೇಳಬೇಕಪ್ಪಾ" ಅಂದರು. ನಮ್ಮಲ್ಲಿ ಸ್ತೋತ್ರ ಅಂದರೆ ದೇವರಿಗೆ ಹೇಳುವ ಕೃತಜ್ಞತೆ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಮಾತು ಮುಳ್ಳಿನ ಹಾಗೆ ಉಳಿದುಬಿಟ್ಟಿತು. ಅಪ್ಪ ಬದುಕಿದ್ದಕ್ಕೆ ಸ್ತೋತ್ರ ಹೇಳಬಲ್ಲೆ. ಸತ್ತದ್ದಕ್ಕೆ ಹೇಗೆ ಹೇಳಲಿ? ನಿಜವಾಗಿ ಹಾಗೆ ಬರೆದಿದೆಯಾ ಅಂತ ನೋಡಬೇಕಿತ್ತು. ಸುಮ್ನೆ ಓದಿದರೆ ನನ್ನ ಕಣ್ಣು ಜಾರುತ್ತದೆ. ಕೈಯಲ್ಲಿ ಬರೆದರೆ ಜಾರುವುದು ಸ್ವಲ್ಪ ಕಷ್ಟ.

ಮೊದಲ ವಾರ: ಕೀರ್ತನೆ 136

ಸುಲಭದ್ದರಿಂದ ಶುರು ಮಾಡೋಣ ಅಂದುಕೊಂಡೆ. ಕೀರ್ತನೆ ಅಂದರೆ ಬೈಬಲ್‌ನ ಪ್ರಾರ್ಥನಾ ಹಾಡು. ಇದರಲ್ಲಿ 26 ವಚನ. ಪ್ರತಿಯೊಂದರ ಕೊನೆಗೂ ಆತನ ಕೃಪೆ ಶಾಶ್ವತ ಅನ್ನುವ ಅದೇ ಪಲ್ಲವಿ. ಇಪ್ಪತ್ತಾರು ಸಲ ಹಸಿರಲ್ಲಿ ಬರೆಯಬೇಕು.

ಹದಿನೈದನೇ ವಚನದ ಹೊತ್ತಿಗೆ ಕೈ ತಾನೇ ಓಡಲು ಶುರುವಾಯಿತು. ಮುಗಿಸಿ ಎಣಿಸಿದರೆ ಪಲ್ಲವಿ 26 ಸಲ ಸರಿಯಾಗಿ ಇದೆ, ಆದರೆ ಮಧ್ಯದ ಒಂದು ಸಾಲೇ ಇಲ್ಲ! ಒಂದು ಕಡೆ ಪಲ್ಲವಿಯ ಮೇಲೆ ಪಲ್ಲವಿ ಬರೆದಿದ್ದೆ. ಹರಿದು ಹಾಕಿದ ಹಾಳೆ ಅದೇ. ದೇವರು ಮಾಡಿದ್ದು ಏನು ಅನ್ನುವ ಸಾಲು ಬಿಟ್ಟುಹೋಗಿ, ಸ್ತೋತ್ರ ಮಾತ್ರ ಉಳಿದಿತ್ತು. ನನ್ನ ಪ್ರಾರ್ಥನೆಗಳೂ ಬಹಳ ಸಲ ಹೀಗೇ ಇರುತ್ತವೆ. "ಎಲ್ಲದಕ್ಕಾಗಿ ವಂದನೆ" ಅಂದು ಮುಗಿಸಿಬಿಡುತ್ತೇನೆ, ಯಾವುದಕ್ಕೆ ಅಂತ ಒಂದನ್ನೂ ಹೆಸರಿಸುವುದಿಲ್ಲ. ಈ ಕೀರ್ತನೆ ಹೆಸರಿಸುತ್ತದೆ. ಆಕಾಶ, ನೀರಿನ ಮೇಲೆ ಹರಡಿದ ಭೂಮಿ, ಸೂರ್ಯ, ಚಂದ್ರ, ಇಬ್ಭಾಗವಾದ ಸಮುದ್ರ, ಎಲ್ಲ ಜೀವಿಗಳಿಗೆ ಸಿಗುವ ಆಹಾರ. ಒಂದೊಂದಕ್ಕೂ ಒಂದೊಂದು ಪಲ್ಲವಿ.

ಎರಡನೇ ವಾರ: ಥೆಸಲೊನೀಕದವರಿಗೆ ಬರೆದ ಮೊದಲ ಪತ್ರ

ಮುಳ್ಳು ತೆಗೆಯುವ ವಾರ. ಆದಿ ಕ್ರೈಸ್ತ ಸಭೆಗಳಿಗೆ ಪತ್ರ ಬರೆದ ಅಪೊಸ್ತಲ ಪೌಲನ ಪತ್ರಗಳಲ್ಲಿ ಇದೇ ಎಲ್ಲಕ್ಕಿಂತ ಹಳೆಯದು ಅನ್ನುವವರು ತುಂಬ ಜನ, ಕ್ರಿ.ಶ. 50ರ ಆಸುಪಾಸು. ಐದು ಅಧ್ಯಾಯ, ಪೂರ್ತಿ ಬರೆದೆ.

5:18ರಲ್ಲಿ, ಅಂದರೆ ಐದನೇ ಅಧ್ಯಾಯದ 18ನೇ ವಚನದಲ್ಲಿ, ಇರುವುದು "ಎಲ್ಲದರಲ್ಲಿಯೂ" ಕೃತಜ್ಞತಾಸ್ತುತಿ ಮಾಡಿ ಅಂತ. ಎಲ್ಲದ*ಕ್ಕೂ* ಅಲ್ಲ. ಗ್ರೀಕ್ ಮೂಲದಲ್ಲೂ "ಎನ್ ಪಾಂತಿ", ಅಂದರೆ ಎಲ್ಲದರ ಒಳಗೆ. ಒಂದು ವಿಭಕ್ತಿ ಪ್ರತ್ಯಯ ಬದಲಾದರೆ ಎಷ್ಟು ದೂರ ಹೋಗುತ್ತದೆ ನೋಡಿ. ಸಾವಿಗೆ ಸ್ತೋತ್ರ ಹೇಳು ಅನ್ನುವುದು ಒಂದು. ಸಾವಿನ ಮನೆಯಲ್ಲಿ ಕುಳಿತೂ ಸ್ತೋತ್ರ ಹೇಳಲು ಏನೋ ಒಂದು ಉಳಿದಿದೆ ಅನ್ನುವುದು ಇನ್ನೊಂದು. ಆ ರಾತ್ರಿ ನಿಬ್ಬು ಪಕ್ಕಕ್ಕಿಟ್ಟು ತುಂಬ ಹೊತ್ತು ಕುಳಿತಿದ್ದೆ.

ಅದೇ ಪತ್ರದ 4:13ರಲ್ಲಿ ನಿರೀಕ್ಷೆಯ ಮಾತು ಬರುತ್ತದೆ. ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಅಂತ. ದುಃಖಪಡಲೇಬೇಡಿ ಅಂತ ಪೌಲ ಹೇಳಿಲ್ಲ. ಈ ವಚನದ ಮೊದಲರ್ಧ ಬಿಟ್ಟು ಎರಡನೇ ಅರ್ಧ ಹೇಳುವವರನ್ನು ಸಾಕಷ್ಟು ನೋಡಿದ್ದೇನೆ. ನೀಲಿಯಲ್ಲಿ ಪೂರ್ತಿ ಬರೆದೆ.

ಮೂರನೇ ವಾರ: ಪತ್ರಗಳ ಆರಂಭ

ಬೇಗ ಮುಗಿದ ವಾರ. ಪೌಲನ ಪತ್ರಗಳಲ್ಲಿ ವಂದನೆಯ ಬೆನ್ನಿಗೇ ಸಾಮಾನ್ಯವಾಗಿ ಕೃತಜ್ಞತೆ ಬರುತ್ತದೆ. ಕೊರಿಂಥದ ಸಭೆಯಲ್ಲಿ ಜಗಳ, ಪಂಗಡ, ಕೋರ್ಟು ವ್ಯಾಜ್ಯ ಎಲ್ಲ ಇತ್ತು. ಅವರನ್ನು ಅಧ್ಯಾಯಗಟ್ಟಲೆ ತಿದ್ದುವ ಮೊದಲೂ "ನಿಮ್ಮ ವಿಷಯದಲ್ಲಿ ದೇವರಿಗೆ ಸ್ತೋತ್ರ" ಅನ್ನುತ್ತಾನೆ. ಫಿಲಿಪ್ಪಿಯವರಿಗೆ ಬರೆಯುವಾಗ ತಾನೇ ಬೇಡಿಯಲ್ಲಿದ್ದ. ಅಲ್ಲೂ ಮೊದಲ ಮಾತು ಅದೇ.

ಗಲಾತ್ಯದವರಿಗೆ ಬರೆದ ಪತ್ರ ಮಾತ್ರ ಬೇರೆ. ಹಸಿರು ಶಾಯಿ ಅದ್ದಿ ರೆಡಿ ಇಟ್ಟುಕೊಂಡಿದ್ದೆ. ಸ್ತೋತ್ರವೇ ಇಲ್ಲ. "ಇಷ್ಟು ಬೇಗ ತಿರುಗಿಬಿಟ್ಟಿರಲ್ಲ, ನನಗೆ ಆಶ್ಚರ್ಯ" ಅಂತ ಸೀದಾ ಬೈಗುಳಕ್ಕೇ ಇಳಿಯುತ್ತಾನೆ. ನಿಜ ಹೇಳಬೇಕಂದರೆ ನನಗೆ ಸಮಾಧಾನವಾಯಿತು. ಕೃತಜ್ಞತೆ ಅವನಿಗೆ ಬರೀ ಪತ್ರದ ಶಿಷ್ಟಾಚಾರ ಆಗಿದ್ದರೆ ಇಲ್ಲೂ ಒಂದು ಸಾಲು ಗೀಚಿ ಮುಂದೆ ಹೋಗುತ್ತಿದ್ದ.

ನಾಲ್ಕನೇ ವಾರ: ಎಡಪುಟ, ಬಲಪುಟ ಕೈಕೊಟ್ಟದ್ದು

ಕೀರ್ತನೆ 13 ಆರೇ ವಚನ. ಮೊದಲ ಎರಡು ವಚನದಲ್ಲಿ ನಾಲ್ಕು ಸಲ "ಎಷ್ಟರವರೆಗೆ?" ಅನ್ನುವ ಕೂಗು. ಕೊನೆಯ ವಚನದಲ್ಲಿ ಕರ್ತನಿಗೆ (ದೇವರಿಗೆ) ಹಾಡುತ್ತೇನೆ, ಆತನು ನನಗೆ ಉಪಕಾರ ಮಾಡಿದ್ದಾನೆ ಅನ್ನುವ ಮಾತು. ಈ ಮಧ್ಯೆ ಏನಾಯಿತು? ಏನೂ ಆಗಿಲ್ಲ. ಶತ್ರು ಹೋದ ಅಂತ ಎಲ್ಲೂ ಬರೆದಿಲ್ಲ. ಬಿಡುಗಡೆ ಇನ್ನೂ ಬಂದಿಲ್ಲ, ಥ್ಯಾಂಕ್ಸ್ ಮಾತ್ರ ಆಗಲೇ ಹೇಳಿಯಾಗಿದೆ.

ಹಾಗಾದರೆ ಇದು ಯಾವ ಪುಟಕ್ಕೆ? ಸ್ತೋತ್ರ, ಆದ್ದರಿಂದ ಎಡಕ್ಕೆ. ಇನ್ನೂ ಬರಬೇಕಾದದ್ದು, ಆದ್ದರಿಂದ ಬಲಕ್ಕೆ. ಮೊದಲು ಹಸಿರಲ್ಲಿ ಬರೆದು ಅದರ ಕೆಳಗೆ ನೀಲಿ ಗೆರೆ ಎಳೆದೆ. ಶೋಕದ ಕೀರ್ತನೆಗಳಲ್ಲಿ ಇದು ಒಂದೇ ಕಡೆ ಅಲ್ಲ, ಮತ್ತೆ ಮತ್ತೆ ಬರುತ್ತದೆ. ಉತ್ತರ ಸಿಗುವ ಮುಂಚೆಯೇ ಸ್ತುತಿಯ ಹರಕೆ.

ಕೀರ್ತನೆ 42 ಮತ್ತು 43ರಲ್ಲಿ ಇನ್ನೊಂದು ಪೇಚು. ನನ್ನ ಮನವೇ, ಯಾಕೆ ಕುಗ್ಗಿದ್ದೀಯ, ದೇವರನ್ನು ನಿರೀಕ್ಷಿಸು, ಇನ್ನೂ ಆತನನ್ನು ಸ್ತುತಿಸುವೆನು ಅನ್ನುವ ಪಲ್ಲವಿ ಮೂರು ಸಲ ಬರುತ್ತದೆ. ಒಂದೇ ಉಸಿರಿನಲ್ಲಿ ಎರಡೂ ಬಣ್ಣ. ನಿಬ್ಬು ತೊಳೆಯುವುದು, ಒರೆಸುವುದು, ಮತ್ತೆ ಅದ್ದುವುದು. ಮೂರನೇ ಸಲಕ್ಕೆ ಬೇಜಾರು ಬಂದು ಪೆನ್ಸಿಲ್‌ನಲ್ಲಿ "ಇದು ಆಗುವ ಕೆಲಸ ಅಲ್ಲ" ಅಂತ ಅಂಚಿನಲ್ಲಿ ಬರೆದೆ. ಅದು ಈಗಲೂ ಅಲ್ಲೇ ಇದೆ.

ಐದನೇ ವಾರ: ಪ್ರಲಾಪಗಳು, ಮೂರನೇ ಅಧ್ಯಾಯ

ಇಡೀ ಯೋಜನೆ ತಲೆಕೆಳಗಾದದ್ದು ಇಲ್ಲಿ. ಬಾಬೆಲಿನವರು (ಬ್ಯಾಬಿಲೋನಿಯದವರು) ಯೆರೂಸಲೇಮನ್ನು ಸುಟ್ಟು ಹಾಳು ಮಾಡಿದ ಮೇಲಿನ ಅಳು ಈ ಪುಸ್ತಕ. ಮೂರನೇ ಅಧ್ಯಾಯದಲ್ಲಿ 66 ವಚನ. ಹೀಬ್ರೂ ಅಕ್ಷರಮಾಲೆಯ 22 ಅಕ್ಷರಕ್ಕೆ ತಲಾ ಮೂರು ಸಾಲು. ಅಷ್ಟು ದೊಡ್ಡ ಅಳುವನ್ನು ಬರೆದವನು ಅಷ್ಟು ಅಚ್ಚುಕಟ್ಟಾಗಿ ಅಕ್ಷರದ ಕ್ರಮದಲ್ಲಿ ಕೂರಿಸಿದ್ದಾನೆ. ಬರೆಯುತ್ತಾ ಹೋದಾಗ ಅದು ಕಸರತ್ತು ಅನ್ನಿಸಲಿಲ್ಲ. ಬೀಳದಂತೆ ಏನನ್ನೋ ಹಿಡಿದುಕೊಂಡ ಹಾಗೆ ಇತ್ತು.

ಹತ್ತೊಂಬತ್ತನೇ ವಚನದಲ್ಲಿ ಕಹಿಯನ್ನು ನೆನೆಯುತ್ತಾನೆ. ಇಪ್ಪತ್ತರಲ್ಲಿ ಅದನ್ನು ನೆನೆದು ಮನಸ್ಸು ಕುಗ್ಗುತ್ತದೆ. ಇಪ್ಪತ್ತೊಂದರಲ್ಲಿ, ಇನ್ನೊಂದನ್ನು ನೆನಪಿಗೆ ತಂದುಕೊಳ್ಳುತ್ತೇನೆ, ಅದರಿಂದ ನನಗೆ ನಿರೀಕ್ಷೆ ಉಂಟು ಅನ್ನುತ್ತಾನೆ. ಕರ್ತನ ಕರುಣೆ ಮುಗಿದುಹೋಗಿಲ್ಲ, ದಿನ ದಿನ ಬೆಳಿಗ್ಗೆ ಹೊಸದಾಗುತ್ತದೆ ಅನ್ನುವ ಪ್ರಸಿದ್ಧ ಮಾತು ಇದರ ಮುಂದೆಯೇ ಬರುತ್ತದೆ.

ನೀಲಿ ಶಾಯಿ ಅದ್ದಿ ಕೈ ತಡೆಯಿತು. ನಿರೀಕ್ಷೆ ಅನ್ನುವ ಪದ ಇಲ್ಲಿ ಹುಟ್ಟುವುದು ನೆನಪಿನಿಂದ. ಅಂದರೆ ಹಿಂದಕ್ಕೆ ನೋಡಿ. ಹಿಂದಿನ ವಾರದ ಕೀರ್ತನೆಯಲ್ಲಿ ಕೃತಜ್ಞತೆ ಹುಟ್ಟಿದ್ದು ಇನ್ನೂ ಬರದೇ ಇರುವುದರಿಂದ. ಅಂದರೆ ಮುಂದಕ್ಕೆ ನೋಡಿ. ನಾನು ಹಾಕಿಕೊಂಡಿದ್ದ ದಿಕ್ಕು ಎರಡೂ ಉಲ್ಟಾ!

ಅದೇ ದಿನ ಶಾಯಿಯೂ ಇಳಿಯಿತು. ಬಲಪುಟದ ನೀಲಿ ಹಾಳೆ ದಾಟಿ ಹಿಂಬದಿಯ ಎಡಪುಟದ ಹಸಿರಿಗೆ ಸೇರಿ ಪಾಚಿಯ ಬಣ್ಣ ಆಯ್ತು. ಇದರಲ್ಲಿ ಏನೋ ದೈವಸಂಕೇತ ಇದೆ ಅನ್ನುವ ಆಸೆ ನನಗೂ ಬಂತು. ಇಲ್ಲ, ಕಾಗದ ತೆಳು, ನಾನು ನಿಬ್ಬು ಒತ್ತಿದ್ದು ಜಾಸ್ತಿ. ಈಗ ಹಾಳೆಯ ಒಂದೇ ಬದಿಗೆ ಬರೆಯುತ್ತೇನೆ. ಎಡ ಬಲ ಅನ್ನುವ ವಿಂಗಡಣೆಯನ್ನು ಅಂದೇ ಬಿಟ್ಟೆ. ಬಣ್ಣ ಮಾತ್ರ ಉಳಿಸಿಕೊಂಡಿದ್ದೇನೆ.

ಆರನೇ ವಾರ: ಲೂಕ 17

ಹತ್ತು ಮಂದಿ ಕುಷ್ಠರೋಗಿಗಳ ಕಥೆ. ಭಾನುವಾರದ ಶಾಲೆಯಿಂದ ಕೇಳಿದ್ದು. ಒಬ್ಬ ವಾಪಸು ಬಂದ, ಒಂಬತ್ತು ಜನ ಬರಲಿಲ್ಲ, ಮಕ್ಕಳೇ ಥ್ಯಾಂಕ್ಸ್ ಹೇಳಲು ಮರೆಯಬೇಡಿ. ಅಷ್ಟೇ ಅಂದುಕೊಂಡಿದ್ದೆ.

ಬರೆಯುವಾಗ ಒಂದು ಸಣ್ಣ ಮಾತಿಗೆ ಕೈ ಸಿಕ್ಕಿಕೊಂಡಿತು: ಅವರು *ಹೋಗುತ್ತಿರುವಾಗ* ಶುದ್ಧರಾದರು. ಯೇಸು ಅವರನ್ನು ಅಲ್ಲಿಯೇ ವಾಸಿ ಮಾಡಲಿಲ್ಲ. ಹೋಗಿ ಯಾಜಕರಿಗೆ ತೋರಿಸಿಕೊಳ್ಳಿ ಅಂದ. ಕುಷ್ಠರೋಗಿ ಅನ್ನಿಸಿಕೊಂಡವನು ಮತ್ತೆ ಯಾಜಕರ ಹತ್ತಿರ ಹೋಗುವುದು ವಾಸಿಯಾದ ಮೇಲೆ. ಇವರ ಮೈಮೇಲೆ ರೋಗ ಹಾಗೇ ಇದೆ. ಆದರೂ ಹತ್ತು ಜನವೂ ಹೊರಟರು. ಆ ಹೊರಟದ್ದಕ್ಕೆ ನೀಲಿ ಹಾಕಿದೆ. ನಿರೀಕ್ಷೆ ಅನ್ನುವ ಪದ ಅಲ್ಲಿಲ್ಲ, ನಿಜ. ನಿಯಮ ಮುರಿದೆ. ತಿರುಗಿ ಬಂದ ಸಮಾರ್ಯದವನಿಗೆ ಹಸಿರು. ಹೋಗುವ ಹೆಜ್ಜೆ ಒಂದು, ಬರುವ ಹೆಜ್ಜೆ ಒಂದು, ದಾರಿ ಮಾತ್ರ ಅದೇ. ಇನ್ನೊಂದು ವಿಷಯ: ಬಾರದ ಒಂಬತ್ತು ಜನರ ರೋಗ ಮತ್ತೆ ಬಂತು ಅಂತ ಎಲ್ಲೂ ಇಲ್ಲ. ಸ್ತೋತ್ರ ಹೇಳದಿದ್ದರೆ ಆಶೀರ್ವಾದ ನಿಲ್ಲುತ್ತದೆ ಅಂತ ಹೆದರಿಸುವವರು ಈ ಕಥೆಯನ್ನು ಯಾಕೆ ಎತ್ತುತ್ತಾರೋ ಗೊತ್ತಿಲ್ಲ.

ಉಳಿದ ದಿನಗಳಲ್ಲಿ ಎರಡು ಚಿಕ್ಕ ಭಾಗ. ಸತ್ತುಹೋಗಿದ್ದ ಗೆಳೆಯ ಲಾಜರನ ಸಮಾಧಿಯ ಮುಂದೆ ಯೇಸು ಮೊದಲು ತಂದೆಗೆ ಸ್ತೋತ್ರ ಹೇಳುತ್ತಾನೆ, ಆಮೇಲೆ "ಹೊರಗೆ ಬಾ" ಅನ್ನುತ್ತಾನೆ. ಶತ್ರುಗಳ ಕೈಗೆ ಹಿಡಿದುಕೊಡಲ್ಪಟ್ಟ ರಾತ್ರಿ ರೊಟ್ಟಿ ತೆಗೆದುಕೊಂಡು ಸ್ತೋತ್ರ ಮಾಡಿ ಮುರಿದ. ಆ ಸ್ತೋತ್ರಕ್ಕೆ ಇರುವ ಗ್ರೀಕ್ ಪದದಿಂದಲೇ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭುಭೋಜನಕ್ಕೆ "ಯೂಕರಿಸ್ಟ್" ಅನ್ನುವ ಹೆಸರು ಬಂತು. ಕೈಯಲ್ಲಿ ರೊಟ್ಟಿ, ಮೇಜಿನ ಹತ್ತಿರ ಹಿಡಿದುಕೊಡುವವನು, ಬಾಯಲ್ಲಿ ಸ್ತೋತ್ರ. ಎಲ್ಲದರ*ಲ್ಲಿ* ಅಂದರೆ ಏನು ಅಂತ ಇದಕ್ಕಿಂತ ಚೆನ್ನಾಗಿ ಯಾರೂ ನನಗೆ ತೋರಿಸಿಲ್ಲ.

ಏಳನೇ ವಾರ: ಸಿಕ್ಕಿಬಿದ್ದೆ

ಎಫೆಸದವರಿಗೆ 5:20. ಇಲ್ಲಿ ಎಲ್ಲದ*ಕ್ಕಾಗಿ* ಯಾವಾಗಲೂ ಸ್ತೋತ್ರ ಮಾಡಿ ಅಂತಲೇ ಇದೆ! ಎರಡನೇ ವಾರ ವಿಭಕ್ತಿ ಹಿಡಿದು ಅಷ್ಟು ಸಂಭ್ರಮ ಪಟ್ಟಿದ್ದೆನಲ್ಲ, ಆ ಹಿರಿಯರು ಪೂರ್ತಿ ತಪ್ಪು ಹೇಳಿರಲಿಲ್ಲ. ಈ ವಾರ ಬರೆದದ್ದು ನಾಲ್ಕೇ ಪುಟ. ಅದರ ಸುತ್ತ ಇರುವುದು ಸಭೆ ಕೂಡಿ ಹಾಡುವ ಸಂದರ್ಭ, ಕೆಡುಕನ್ನೂ ಒಳ್ಳೆಯದು ಅನ್ನು ಅಂತ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಪೂರ್ತಿ ಒಪ್ಪಿಗೆ ಆಗಿಲ್ಲ. ವಚನದ ಪಕ್ಕ ಪ್ರಶ್ನಾರ್ಥಕ ಚಿಹ್ನೆ ಹಾಕಿಟ್ಟಿದ್ದೇನೆ.

ಆ ವಾರವೇ ಮಾರ್ಟಿನ್ ರಿಂಕಾರ್ಟ್ ಬಗ್ಗೆ ಓದಿದೆ. ಜರ್ಮನಿಯ ಐಲೆನ್‌ಬುರ್ಗ್‌ನ ಪಾದ್ರಿ. ಮೂವತ್ತು ವರ್ಷಗಳ ಯುದ್ಧದ ಕಾಲ, 1637ರಲ್ಲಿ ಊರಿಗೆ ಪ್ಲೇಗ್ ಬಂದು ಸಾವಿರಾರು ಜನರನ್ನು ಹೂಳಬೇಕಾಯಿತು. ಅವನ ಹೆಂಡತಿಯೂ ಆ ವರ್ಷವೇ ತೀರಿಕೊಂಡಳು. ಇಂದಿಗೂ ಹಾಡುವ ಒಂದು ದೊಡ್ಡ ಕೃತಜ್ಞತಾ ಗೀತೆ ಅವನದು. ಅಂಥವನು "ಎಲ್ಲದಕ್ಕೂ" ಅಂದರೆ ಬಾಯಿ ಮುಚ್ಚಿ ಕೇಳುತ್ತೇನೆ. ಅದು ಅವನು ಹೇಳಬಹುದಾದ ಮಾತು, ನಾನು ಇನ್ನೊಬ್ಬರ ಭುಜ ಹಿಡಿದು ಹೇಳುವ ಮಾತಲ್ಲ.

ಒಂದು ಅಡ್ಡಮಾತು. ದಿನದ ಕನ್ನಡದಲ್ಲಿ ನಿರೀಕ್ಷೆ ಅಂದರೆ ಬರುತ್ತದೆ ಅಂತ ಕಾಯುವುದು, ಫಲಿತಾಂಶ ಕಾದ ಹಾಗೆ. ಪದದ ಒಳಗೆ "ಈಕ್ಷಣ" ಇದೆ, ನೋಡುವುದು. ರೋಮಾಪುರದವರಿಗೆ 8:24ರಲ್ಲಿ ಪೌಲ ಹೇಳುವುದೋ, ಕಣ್ಣಿಗೆ ಕಾಣುವುದು ನಿರೀಕ್ಷೆಯೇ ಅಲ್ಲ ಅಂತ. ಹೀಬ್ರೂನಲ್ಲಿ "ತಿಕ್ವಾ" ಅಂದರೆ ನಿರೀಕ್ಷೆಯೂ ಹೌದು, ಹಗ್ಗವೂ ಹೌದು. ಇಸ್ರಾಯೇಲಿನ ಗೂಢಚಾರರನ್ನು ಬಚ್ಚಿಟ್ಟ ರಾಹಾಬಳು ತನ್ನ ಮನೆ ಉಳಿಯಲಿ ಅಂತ ಕಿಟಕಿಗೆ ಕಟ್ಟಿದ ಕೆಂಪು ಹುರಿಗೆ ಯೆಹೋಶುವನ ಪುಸ್ತಕದಲ್ಲಿ ಬಳಸಿರುವುದು ಅದೇ ಪದ. ಕಾಣದಿದ್ದರೂ ಹಿಡಿದುಕೊಳ್ಳಬಹುದಾದದ್ದು. ನನಗೆ ಹಗ್ಗ ಜಾಸ್ತಿ ಇಷ್ಟ ಆಯ್ತು.

ಎಂಟನೇ ವಾರ: ಕೀರ್ತನೆ 88

ಇದನ್ನು ಬಿಟ್ಟುಬಿಡೋಣ ಅಂದುಕೊಂಡಿದ್ದೆ. 18 ವಚನ. ಸ್ತೋತ್ರ ಇಲ್ಲ, ತಿರುವು ಇಲ್ಲ, ಕೊನೆಯ ಮಾತು ಕತ್ತಲೆ. ಕೀರ್ತನೆ 13ರಂತೆ ಕೊನೆಗೆ ಹಾಡು ಬರುತ್ತದೇನೋ ಅಂತ ಕಾದರೆ ಬರುವುದಿಲ್ಲ. ಹಸಿರು, ನೀಲಿ ಎರಡರ ಮುಚ್ಚಳವನ್ನೂ ತೆಗೆಯದೆ ಮೂರು ಪುಟ ಕಪ್ಪಿನಲ್ಲೇ ಬರೆದು ಮುಗಿಸಿದೆ. ಅಪ್ಪ ಆಸ್ಪತ್ರೆಯಲ್ಲಿದ್ದ ಕೊನೆಯ ವಾರ ನಾನು ಮಾಡಿದ ಪ್ರಾರ್ಥನೆ ಹೆಚ್ಚು ಕಡಿಮೆ ಇದೇ. ಅಂಥದ್ದೂ ಈ ಪುಸ್ತಕದಲ್ಲಿದೆ, ಅದನ್ನೂ ಜನ ಸಭೆಯಲ್ಲಿ ಓದುತ್ತಾರೆ ಅಂತ ಆಗ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

ಮಾರನೇ ದಿನ ಮತ್ತೆ ಓದಿದಾಗ ಮೊದಲ ವಚನ ಕಣ್ಣಿಗೆ ಬಿತ್ತು. ಕರ್ತನೇ, ನನ್ನನ್ನು ರಕ್ಷಿಸುವ ದೇವರೇ ಅಂತ ಕರೆದೇ ಶುರು ಮಾಡಿದ್ದಾನೆ. ಇದಕ್ಕೆ ನೀಲಿ ಹಾಕಬೇಕಾ? ಹಾಕಿದರೆ ಅವನ ಕತ್ತಲೆಯನ್ನು ನಾನು ಅವಸರದಲ್ಲಿ ತೊಳೆದ ಹಾಗೆ ಆಗುತ್ತದೇನೋ. ಹಾಕದಿದ್ದರೆ ಕಂಡದ್ದನ್ನು ಕಾಣಲಿಲ್ಲ ಅಂದ ಹಾಗೆ. ಸದ್ಯಕ್ಕೆ ಆ ಸಾಲಿನ ಕೆಳಗೆ ಪೆನ್ಸಿಲ್‌ನಲ್ಲಿ ತೆಳುವಾಗಿ ಒಂದು ಗೆರೆ ಎಳೆದಿದ್ದೇನೆ.

ಹಸಿರು ಬಾಟಲಿ ತಳ ಕಾಣುತ್ತಿದೆ, ನೀಲಿ ಇನ್ನೂ ಅರ್ಧ ಇದೆ. ಮುಂದಿನ ವಾರಕ್ಕೆ ಪ್ರವಾದಿ ಹಬಕ್ಕೂಕನ ಪುಸ್ತಕದ ಮೂರನೇ ಅಧ್ಯಾಯ.