ಖೋ ಕೊಟ್ಟ ಮೇಲೆ ಕೂರಬೇಕು

ಹುಬ್ಬಳ್ಳಿಯ ಗೋಕುಲ ರಸ್ತೆ ಕೈಗಾರಿಕಾ ಪ್ರದೇಶದಲ್ಲಿ ವಾಲ್ವ್ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಸೂಪರ್‌ವೈಸರ್. ಅಸೆಂಬ್ಲಿ ಮತ್ತು ಟೆಸ್ಟಿಂಗ್ ನನ್ನ ಜವಾಬ್ದಾರಿ. ಶಾಲೆಯಲ್ಲಿ, ಆಮೇಲೆ ಡಿಪ್ಲೊಮಾದಲ್ಲಿ ಖೋ-ಖೋ ಆಡಿದವಳು. ಕೆಲಸ ಹಂಚುವುದು ಹೇಗೆ ಅನ್ನುವುದನ್ನು ನಾನು ಕಲಿತದ್ದು ಆ ಆಟದ ನಿಯಮಗಳಿಂದಲೇ.

2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪನ್ನು ಭಾರತದ ಪುರುಷರು, ಮಹಿಳೆಯರು ಇಬ್ಬರೂ ಗೆದ್ದರು. ಅಲ್ಲಿನ ನಿಯಮ ಸ್ವಲ್ಪ ಬೇರೆ. ನಾವು ಆಡಿದ್ದು ಒಂಬತ್ತು ಜನರ ಆಟ. ಎರಡು ಕಂಬಗಳ ನಡುವೆ ಎಂಟು ಜನ ಸಾಲಾಗಿ ಕೂರುತ್ತಾರೆ. ಒಬ್ಬರ ಮುಖ ಈ ಕಡೆ, ಪಕ್ಕದವರದು ಆ ಕಡೆ. ಒಂಬತ್ತನೆಯವರು ಬೆನ್ನಟ್ಟುತ್ತಾರೆ. ಓಡುವವರು ಸಾಲಿನ ನಡುವೆ ಎಲ್ಲಿ ಬೇಕಾದರೂ ನುಸುಳಬಹುದು. ಬೆನ್ನಟ್ಟುವವರು ಸಾಲು ದಾಟುವಂತಿಲ್ಲ, ಕಂಬ ಮುಟ್ಟುವ ತನಕ ಹಿಂದೆ ತಿರುಗುವಂತಿಲ್ಲ. ಹಾಗಾಗಿ ಎಷ್ಟೇ ಜೋರು ಓಟಗಾರರಾದರೂ ಒಬ್ಬರಿಂದ ಆಗುವ ಆಟವಲ್ಲ ಇದು. ಓಡುವವರು ಆ ಕಡೆ ಹೋದರೆ, ಆ ಕಡೆ ಮುಖ ಮಾಡಿ ಕುಳಿತವರಿಗೆ ಖೋ ಕೊಡಲೇಬೇಕು.

ನಮ್ಮ ಟೆಸ್ಟಿಂಗ್ ಬೆಂಚಿನಲ್ಲೂ ಹೀಗೇ. ವಾಲ್ವಿನ ಬಾಡಿ, ಅಂದರೆ ಹೊರ ಕವಚಕ್ಕೆ, ಅದರ ರೇಟಿಂಗಿನ (ಅದು ತಡೆಯಬೇಕಾದ ಒತ್ತಡದ) ಒಂದೂವರೆ ಪಟ್ಟು ನೀರಿನ ಒತ್ತಡ ಕೊಡುತ್ತೇವೆ, ಮುಚ್ಚಿದಾಗ ನೀರು ತಡೆಯುವ ಸೀಟಿಗೆ 1.1 ಪಟ್ಟು. ಎಲ್ಲೋ ಒಂದು ಹನಿ ಜಿನುಗಿತು ಅನ್ನಿ. ವಾಲ್ವಿನ ದಂಡ ಹೊರಬರುವ ಗ್ಲ್ಯಾಂಡ್ ಹತ್ತಿರವಾದರೆ ಅಲ್ಲಿ ಸೋರದಂತೆ ಪ್ಯಾಕಿಂಗ್ ಹಾಕಿದವರು ನೋಡಬೇಕು. ಮೇಲಿನ ಮುಚ್ಚಳದ, ಅಂದರೆ ಬಾನೆಟ್ ಜಾಯಿಂಟಿನಲ್ಲಾದರೆ ಗ್ಯಾಸ್ಕೆಟ್ ಕೂತಿದ್ದು, ಬೋಲ್ಟ್ ಬಿಗಿದಿದ್ದು ನೋಡಬೇಕು. ಸೀಟಿನಲ್ಲಾದರೆ ಅದನ್ನು ಉಜ್ಜಿ ನುಣುಪು ಮಾಡುವ ಲ್ಯಾಪಿಂಗ್‌ನವರು. ಬಾಡಿಯೇ ಬೆವರಿದರೆ ಎರಕದಲ್ಲೇ ಸಣ್ಣ ರಂಧ್ರ ಇದೆ, ಎರಕ ಹೊಯ್ದ ಫೌಂಡ್ರಿಯವರ ಜೊತೆ ಮಾತಾಡಬೇಕು. ಈ ಎಲ್ಲದಕ್ಕೂ ನಾನೇ ಸ್ಪ್ಯಾನರ್ ಹಿಡಿದು ಓಡಿದರೆ ಮುಂದಿನ ವಾಲ್ವ್ ಬೆಂಚಿನ ಮೇಲೆ ಹಾಗೇ ಉಳಿಯುತ್ತದೆ, ಅಲ್ವಾ? ಯಾರು ಯಾವ ಕಡೆ ಮುಖ ಮಾಡಿದ್ದಾರೆ ಅನ್ನುವುದು ನನಗೆ ಮೊದಲೇ ಗೊತ್ತಿರಬೇಕು.

ನಮ್ಮ ಲ್ಯಾಪಿಂಗ್ ಹುಡುಗನದು ಮಾತು ಕಡಿಮೆ. ಸೀಟು ಸೋರಿದ ಒಂದು ಗೇಟ್ ವಾಲ್ವ್ ಬಿಚ್ಚಲು ಎಲ್ಲರೂ ಕೈ ಹಾಕಿದಾಗ ಅವನು ತಡೆದ. "ಮೇಡಂ, ಸೀಟಿಗೆ ಏನೂ ಆಗಿಲ್ರೀ, ಒಳಗ ಕಸ ಸಿಕ್ಕೈತಿ. ಒಂದ್ಸಲ ತೊಳದು ನೋಡೂಣ್ರಿ" ಅಂದ. ತೊಳೆದು ಮತ್ತೆ ಒತ್ತಡ ಕೊಟ್ಟೆವು. ಸೋರಲಿಲ್ಲ. ದಿನವೂ ಸೀಟಿನ ಮೇಲೆ ಕೈಯಾಡಿಸುವವನಿಗೆ ಕಂಡದ್ದು ಬೇರೆಯವರಿಗೆ ಕಾಣುವುದು ಕಷ್ಟ.

ಖೋ ಕೊಡುವುದಕ್ಕೂ ರೀತಿ ಇದೆ. ಹಿಂದಿನಿಂದ ಮುಟ್ಟಿ, ಕೇಳುವಂತೆ ಕೂಗಬೇಕು. ಅದಕ್ಕೂ ಮುಂಚೆ ಕುಳಿತವರು ಎದ್ದರೆ ಫೌಲ್. "ಯಾರಾದ್ರೂ ಸ್ವಲ್ಪ ನೋಡ್ಕೊಳ್ಳಿ" ಅನ್ನುವುದನ್ನು ನಾನು ಖೋ ಎಂದು ಒಪ್ಪುವುದಿಲ್ಲ. ಹೆಸರು ಹಿಡಿದು ಹೇಳುತ್ತೇನೆ, ಜಾಬ್ ಕಾರ್ಡಿನಲ್ಲೂ ಅದೇ ಹೆಸರು ಬರೆಯುತ್ತೇನೆ.

ನನ್ನ ಪ್ರಕಾರ ನಿಜವಾದ ಕಷ್ಟ ಇರುವುದು ಆಮೇಲೆ. ಖೋ ಕೊಟ್ಟವರು ಎದ್ದುಹೋದವರ ಜಾಗದಲ್ಲೇ ಕೂರಬೇಕು. ಕೆಲಸ ಒಪ್ಪಿಸಿದ ಮೇಲೂ ಪಕ್ಕದಲ್ಲೇ ಓಡುತ್ತಾ "ಹಾಗಲ್ಲ, ಹೀಗೆ ಮಾಡು" ಅನ್ನುವ ಮೇಲಧಿಕಾರಿಗಳನ್ನು ಎಷ್ಟೋ ಕಡೆ ನೋಡಿದ್ದೇನೆ. ಹಾಗಂತ ಕೂರುವುದು ಅಂದರೆ ಕೈ ತೊಳೆದುಕೊಳ್ಳುವುದೂ ಅಲ್ಲ. ಸಾಲಿನಲ್ಲಿ ಸುಮ್ನೆ ಕೂತವರಿಗೆ ಎದ್ದು ಓಡಲು ಆಗುವುದಿಲ್ಲ. ಕಾಲ್ಬೆರಳು ಊರಿ, ಆಟದ ಮೇಲೆ ಕಣ್ಣಿಟ್ಟು, ಮತ್ತೆ ಖೋ ಬರಬಹುದು ಅಂತ ಸಿದ್ಧವಾಗಿರಬೇಕು. ಟೆಸ್ಟಿಂಗ್ ಹುಡುಗ ಸೋರಿಕೆ ಹುಡುಕಲು ಹೋದರೆ ನಾನು ಅವನ ಜಾಗದಲ್ಲಿ ನಿಂತು ಗೇಜ್ ನೋಡುತ್ತೇನೆ, ರಿಜಿಸ್ಟರ್ ಬರೆಯುತ್ತೇನೆ. ಅವನಿಗೆ ಸಹಾಯ ಬೇಕಾದರೆ ಅವನೇ ಕರೆಯುತ್ತಾನೆ.

ಇನ್ನೊಂದು ನಿಯಮ ನನಗೆ ತುಂಬಾ ಇಷ್ಟ. ಓಡುವವರು ಮೂರು ಮೂರು ಜನರಾಗಿ ಬರುತ್ತಾರೆ. ಮೂರನೆಯವರನ್ನು ಔಟ್ ಮಾಡಿದವರು ಹೊಸ ಮೂವರನ್ನು ಬೆನ್ನಟ್ಟುವಂತಿಲ್ಲ, ಖೋ ಕೊಡಬೇಕು. ಕಾರ್ಖಾನೆಗಳಲ್ಲಿ ಇದು ಉಲ್ಟಾ. ಒಂದು ಅರ್ಜೆಂಟ್ ಆರ್ಡರ್ ಚೆನ್ನಾಗಿ ಮುಗಿಸಿದವರ ತಲೆಗೇ ಮುಂದಿನದೂ ಬೀಳುತ್ತದೆ. ಒಳ್ಳೆಯ ಕೆಲಸಗಾರರು ದಣಿದು ಬಿಟ್ಟುಹೋಗುವುದು ಹೀಗೇ. ನಮ್ಮ ವಿಭಾಗದಲ್ಲಿ ಅರ್ಜೆಂಟ್ ಆರ್ಡರ್ ಒಬ್ಬರಿಗೇ ಒಂದರ ಹಿಂದೊಂದು ಎರಡು ಸಲ ಹೋಗುವುದಿಲ್ಲ. ಈ ಸಲದ್ದು ಲ್ಯಾಪಿಂಗ್ ಹುಡುಗನ ಕೈಯಲ್ಲಿದೆ. ಗಿರಾಕಿ ಕಡೆಯ ಇನ್‌ಸ್ಪೆಕ್ಟರ್ ಬಂದಾಗ ಟೆಸ್ಟ್ ತೋರಿಸಿ ಉತ್ತರ ಹೇಳುವವನೂ ಅವನೇ.