ಏಳು ಗಂಟೆಯ ಚಿತ್ರದಲ್ಲಿ ಸೂರ್ಯ ಎಲ್ಲಿ?

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಡೆದದ್ದು. ಈಗಲೂ ಎಲ್ಲಾದರೂ ಉದ್ದದ ಫ್ಲೆಕ್ಸ್ ಕಂಡರೆ ನನ್ನ ಕಣ್ಣು ಮೊದಲು ಅದರ ಎರಡು ತುದಿಗೆ ಹೋಗುತ್ತದೆ.

ನಾನು ಮಂಗಳೂರಿನ ಒಂದು ಸಣ್ಣ ಗೇಮ್ ಸ್ಟುಡಿಯೋದಲ್ಲಿ ಎನ್ವಿರಾನ್‌ಮೆಂಟ್ ಆರ್ಟಿಸ್ಟ್, ಅಂದರೆ ಗೇಮಿನೊಳಗಿನ ಜಾಗಗಳನ್ನು ಕಟ್ಟುವವನು. ಕದ್ರಿ ಕಡೆ ಆಫೀಸು, ಹನ್ನೊಂದು ಜನ. ಆಗ ನಾವು ಮಾಡುತ್ತಿದ್ದ ಗೇಮಿನಲ್ಲಿ ಒಂದು ದ್ವೀಪ ಬರುತ್ತದೆ. ಮಲ್ಪೆಯಿಂದ ದೋಣಿಯಲ್ಲಿ ಹೋಗುವ ಸೇಂಟ್ ಮೇರೀಸ್, ನಮ್ಮ ಕಡೆಯವರ ತೋನ್ಸೆಪಾರ್, ಅದನ್ನೇ ನೋಡಿ ಮಾಡಿದ್ದು. ಅಲ್ಲಿನ ಕಂಬದಂತಹ ಕಲ್ಲುಗಳು ಸುಮಾರು 8.8 ಕೋಟಿ ವರ್ಷದ ಹಿಂದೆ ಲಾವಾ ತಣಿದು ಆದವು. ಆ ಕಲ್ಲು, ಆ ತೆಂಗಿನ ಮರ, ಎಲ್ಲವನ್ನೂ ಕೂರಿಸಲಿಕ್ಕೆ ನನಗೆ ಏಳು ತಿಂಗಳು ಹಿಡಿದಿತ್ತು. ಅದಕ್ಕೇ ಒಂದು ಕಾಲೇಜಿನ ಫೆಸ್ಟ್‌ನಲ್ಲಿ ನಮ್ಮ ಸ್ಟಾಲ್ ಹಾಕುವ ಮಾತು ಬಂದಾಗ ಎಲ್ಲರಿಗಿಂತ ಜಾಸ್ತಿ ಖುಷಿಪಟ್ಟವನು ನಾನೇ.

ಮ್ಯಾನೇಜರ್ ಐಡಿಯಾ ಹೀಗಿತ್ತು. ಹತ್ತು ಅಡಿ ಅಗಲದ ದುಂಡು ಫ್ರೇಮು, ಎಂಟು ಅಡಿ ಎತ್ತರ. ಒಳಗೋಡೆಗೆ ಪೂರ್ತಿ ಫ್ಲೆಕ್ಸ್. ಎರಡು ತುದಿ ಸೇರುವ ಕಡೆಯೇ ಬಾಗಿಲು. ಪರದೆ ಹಾಗೆ ಸರಿಸಿ ಒಳಗೆ ಬಂದು ಮುಚ್ಚಿಕೊಂಡರೆ ಸುತ್ತಲೂ ದ್ವೀಪ. ಒಳ್ಳೆಯ ಐಡಿಯಾ, ಅದನ್ನು ಒಪ್ಪುತ್ತೇನೆ. ಆದರೆ ಹೇಳಿದ್ದು ಬುಧವಾರ, ಫೆಸ್ಟ್ ಶನಿವಾರ. ಸಣ್ಣದಾಗಿ ಒಂದು ಪ್ರಿಂಟ್ ಹಾಕಿ ನೋಡೋಣ ಅಂದರೆ ಟೈಮ್ ಇಲ್ಲ ಅಂತ ಉತ್ತರ ಬಂತು.

ಸುತ್ತಳತೆ 31.4 ಅಡಿ. ಒಂದು ಸ್ಕ್ರೀನ್‌ಶಾಟ್‌ನಿಂದ ಆಗುವ ಕೆಲಸ ಅಲ್ಲ. ನಮ್ಮ ಟೂಲ್ಸ್ ಹುಡುಗ ಮಾಡಿಕೊಟ್ಟ ಫೋಟೋ ಕ್ಯಾಮರಾವನ್ನು ಒಂದೇ ಜಾಗದಲ್ಲಿ ನಿಲ್ಲಿಸಿ, ನಿಂತಲ್ಲೇ ತಿರುಗಿಸಿ ಶಾಟ್ ತೆಗೆದು, ಆಮೇಲೆ ಎಲ್ಲವನ್ನೂ ಹೊಲಿದು ಒಂದೇ ಚಿತ್ರ ಮಾಡಬೇಕು. ಆಟಗಾರನ ಬೆನ್ನ ಹಿಂದಿನ ಕ್ಯಾಮರಾದಲ್ಲಿ ಇದು ಆಗುವುದಿಲ್ಲ. ಅದು ಆಟಗಾರನ ಸುತ್ತ ಸುತ್ತುತ್ತದೆ. ಹತ್ತಿರದ ಮರ ಒಂದು ಕಡೆ, ದೂರದ ಕಲ್ಲು ಇನ್ನೊಂದು ಕಡೆ ಸರಿದು ಹೊಲಿಗೆ ಕೂರುವುದೇ ಇಲ್ಲ.

ಶಾಟಿನ ಫ್ರೇಮನ್ನು ಅಡ್ಡ ಇಟ್ಟರೆ, 90 ಡಿಗ್ರಿ ಎಫ್‌ಒವಿಗೆ, ಅಂದರೆ ಕ್ಯಾಮರಾ ಅಗಲಕ್ಕೆ ಕಾಣುವ ಕೋನಕ್ಕೆ, ಮೇಲೆ ಕೆಳಗೆ ಸೇರಿ ಸಿಗುವುದು 58.7 ಡಿಗ್ರಿ ಮಾತ್ರ. ನಮ್ಮ ದುಂಡಿಗೆ 77 ಬೇಕಿತ್ತು. ಅದಕ್ಕೆ ಕ್ಯಾಮರಾವನ್ನೇ ಮಗ್ಗುಲಿಗೆ ಮಲಗಿಸಿ ಉದ್ದುದ್ದ ಫ್ರೇಮ್ ತೆಗೆದೆ. 36 ಡಿಗ್ರಿಗೆ ಒಂದು, ಒಟ್ಟು ಹತ್ತು. ಪ್ರತಿಯೊಂದೂ ಹೈರೆಸ್‌ಶಾಟ್ 4ರಲ್ಲಿ, ಅಂದರೆ ಸ್ಕ್ರೀನಿನ ನಾಲ್ಕು ಪಟ್ಟು ಅಳತೆಯಲ್ಲಿ. ಹೊಲಿದ ಮೇಲೆ 24 ಸಾವಿರ ಪಿಕ್ಸೆಲ್ ಅಗಲ ಸಿಗುತ್ತದೆ, ಅಂದರೆ ಫ್ಲೆಕ್ಸ್ ಮೇಲೆ ಇಂಚಿಗೆ 64. ಸಾಕು. ಬೆಳಕನ್ನು ತಾನಾಗಿ ಹೊಂದಿಸುವ ಆಟೋ ಎಕ್ಸ್‌ಪೋಶರ್ ಆಫ್, ಅಂಚು ಕಪ್ಪು ಮಾಡುವ ವಿನ್ಯೆಟ್ ಆಫ್, ಹೊಳೆಯುವುದರ ಸುತ್ತ ಪ್ರಭೆ ಹಾಕುವ ಬ್ಲೂಮ್ ಆಫ್, ಮೋಶನ್ ಬ್ಲರ್ ಆಫ್. ಇವುಗಳಲ್ಲಿ ಒಂದನ್ನು ಬಿಟ್ಟರೂ ಸೀಮ್, ಅಂದರೆ ಹೊಲಿಗೆಯ ಗೆರೆ, ಎದ್ದು ಕಾಣಬಹುದು. ಗೇಮ್ ಟೈಮ್ ಬೆಳಗ್ಗೆ ಏಳು, ಮೊದಲ ಶಾಟಿಗೆ ಮುಖ ದಕ್ಷಿಣಕ್ಕೆ, ಅಲ್ಲಿಂದ ಬಲಕ್ಕೆ ತಿರುಗುವುದು. ಕೊನೆಗೆ ಪಾಝ್ ಒತ್ತಿದೆ. ಅಲೆ ನಿಂತಿತು, ಗರಿ ನಿಂತಿತು, ಹಾರುತ್ತಿದ್ದ ಹಕ್ಕಿ ಅಲ್ಲೇ ನಿಂತಿತು. ಎಲ್ಲಾ ನಿಂತಿದೆ ಅಂದುಕೊಂಡೆ.

ಮನೆಯಲ್ಲಿ ಹೀಗೆ ಗೇಮಿನೊಳಗೆ ಚಿತ್ರ ತೆಗೆಯುವ ಹವ್ಯಾಸ ನನಗೆ ಎಷ್ಟೋ ವರ್ಷದಿಂದ ಇದೆ. ಎನ್ವಿಡಿಯಾದವರು 2016ರಲ್ಲಿ ಆನ್ಸೆಲ್ ಅನ್ನುವ ಫೋಟೋ ಟೂಲ್ ಬಿಟ್ಟ ಮೇಲೆ ವಿಚರ್ 3 ಗೇಮಿನಲ್ಲಿ ರಾತ್ರಿ ಎಲ್ಲ ಕೂತು ಬೆಟ್ಟ, ನದಿಗಳ 360 ಡಿಗ್ರಿ ಚಿತ್ರ ತೆಗೆದಿದ್ದೇನೆ. ಅದರಲ್ಲಿ ಒಂದು ಬಟನ್ ಒತ್ತಿದರೆ ಗೇಮ್ ನಿಂತು, ಸುತ್ತಲಿನ ಚಿತ್ರವನ್ನು ಅದೇ ತೆಗೆದು ಅದೇ ಹೊಲಿದು ಕೊಡುತ್ತಿತ್ತು. ಅದೇ ಅಭ್ಯಾಸದಲ್ಲಿ, ನಿಂತದ್ದು ನಿಂತೇ ಇರುತ್ತದೆ ಅಂತ ನಂಬಿದೆ. ನಮ್ಮ ಗೇಮಿನಲ್ಲಿ ಒಂದೊಂದು ಫ್ರೇಮಿಗೂ ಟೆಕ್ಸ್ಚರ್, ಅಂದರೆ ವಸ್ತುಗಳ ಮೇಲ್ಮೈಯ ಚಿತ್ರ, ಲೋಡ್ ಆಗಲಿಕ್ಕೆ ಕಾದು, ಡಿಗ್ರಿ ಟೈಪ್ ಮಾಡಿ, ಸೇವ್ ಆಗುವಾಗ ನಲವತ್ತು ಸೆಕೆಂಡು. ಮೊದಲ ಫ್ರೇಮಿನಿಂದ ಹತ್ತನೆಯದಕ್ಕೆ ಬರುವಾಗ ಆರು ನಿಮಿಷ.

ಹ್ಯೂಗಿನ್ ಅನ್ನುವ ಪನೋರಮಾ ಸಾಫ್ಟ್‌ವೇರಿನಲ್ಲಿ ಹೊಲಿಯುವಾಗ ಫ್ರೇಮಿನಿಂದ ಫ್ರೇಮಿಗೆ ಬೆಳಕು ಸ್ವಲ್ಪ ಸ್ವಲ್ಪ ಜಾಸ್ತಿ ಆಗಿದೆ ಅಂತ ಕಂಡಿತು. ಎಕ್ಸ್‌ಪೋಶರ್ ಲಾಕ್ ಇದ್ದ ಮೇಲೆ ಹಾಗೆ ಆಗಬಾರದು, ಅಲ್ವಾ? ಆದರೆ ನಾನು ಅಲ್ಲಿ ನಿಲ್ಲಲಿಲ್ಲ. ಹ್ಯೂಗಿನ್ ಅದನ್ನು ಸಮ ಮಾಡಿತು, ಸೀಮ್ ಒಂದೂ ಕಾಣಲಿಲ್ಲ, ನಾನು ಮುಂದೆ ಹೋದೆ.

ಗುರುವಾರ ಸಂಜೆ ನಮ್ಮ ಜೂನಿಯರ್ ಹುಡುಗಿ ನನ್ನ ಮಾನಿಟರ್ ಹತ್ತಿರ ಬಂದು ತುಂಬಾ ಹೊತ್ತು ನೋಡಿದಳು. ಕೆಲಸಕ್ಕೆ ಸೇರಿ ನಾಲ್ಕು ತಿಂಗಳು ಆಗಿತ್ತಷ್ಟೆ.

‘ಸರ್, ಇದು ಬೆಳಗ್ಗೆ ಏಳು ಗಂಟೆಯದ್ದಲ್ವಾ? ಸುತ್ತಲೂ ಉಂಟು. ಮತ್ತೆ ಸೂರ್ಯ ಎಲ್ಲಿ?’

‘ತೆಂಗಿನ ಗರಿ ಹಿಂದೆ ಇರಬೇಕು.’

‘ಎಡಗಡೆ ನೆರಳೆಲ್ಲ ಉದ್ದ ಉಂಟು, ಬಲಗಡೆ ಮೋಟು...’

‘ಪನೋರಮಾ ಅಂದ್ರೆ ಸ್ವಲ್ಪ ಎಳೆದ ಹಾಗೆ ಕಾಣುತ್ತೆ. ನೀನು ಆ ಕಲ್ಲಿನ ಕೆಲಸ ಮುಗಿಸು.’

ಅವಳು ಸುಮ್ನೆ ಹೋದಳು. ನಾನು ಫೈಲ್ ಅನ್ನು ಹಂಪನಕಟ್ಟೆಯ ಫ್ಲೆಕ್ಸ್ ಅಂಗಡಿಗೆ ಕಳಿಸಿದೆ.

ಶುಕ್ರವಾರ ಸಂಜೆ ಆರೂವರೆ. ಕಾಲೇಜಿನ ಹಾಲ್‌ನಲ್ಲಿ ದುಂಡು ಫ್ರೇಮಿಗೆ ಫ್ಲೆಕ್ಸ್ ಕಟ್ಟುತ್ತಿದ್ದರು. ನಾನು ಒಳಗೆ ನಡುವೆ ನಿಂತಿದ್ದೆ. ಏಳು ತಿಂಗಳು ಮಾನಿಟರಿನಲ್ಲಿ ನೋಡಿದ ಕಲ್ಲುಗಳು ನನ್ನ ಎತ್ತರಕ್ಕೆ ನಿಂತಿದ್ದವು. ಖುಷಿಗೆ ಗಂಟಲು ಕಟ್ಟಿತು. ಆಮೇಲೆ ಇಬ್ಬರು ಹುಡುಗರು ಎರಡು ತುದಿ ಹಿಡಿದು ಬಾಗಿಲು ಮುಚ್ಚಿದರು.

ಸೇರುವ ಜಾಗದಲ್ಲಿ ಒಂದು ತೆಂಗಿನ ಮರ ಇತ್ತು. ಕಾಂಡ ಕೂದಲೆಳೆ ತಪ್ಪದೆ ಕೂತಿತ್ತು. ಆದರೆ ಅದರ ಬಲ ಅರ್ಧ ಮುಂಜಾನೆಯ ಹೊಂಬಣ್ಣ, ಎಡ ಅರ್ಧ ಬಿಳಿ ಬಿಸಿಲು. ಬಲಗಡೆಯ ಮರಗಳ ನೆರಳು ಮರದ ಸುಮಾರು ಮೂರೂಮುಕ್ಕಾಲು ಪಟ್ಟು ಉದ್ದ. ಎಡಗಡೆಯ ಮರಗಳ ನೆರಳು ಮರದ ಅರ್ಧಕ್ಕಿಂತ ಚೂರು ಜಾಸ್ತಿ. ಒಂದೇ ದಡ, ಒಂದು ಕಡೆ ಏಳು ಗಂಟೆ, ಇನ್ನೊಂದು ಕಡೆ ಹತ್ತು ಗಂಟೆ.

ಕಟ್ಟುವ ಹುಡುಗ ಕೇಳಿದ, ‘ಸರ್, ಬೇರೆ ಪೀಸ್ ಕೊಟ್ಟಿದ್ದಾರಾ?’

ಬಾಯಿ ಒಣಗಿತು. ನಿಂತಲ್ಲೇ ಲೆಕ್ಕ ಹಾಕಿದೆ. ನಮ್ಮ ಗೇಮಿನ ಒಂದು ದಿನ ಅಂದರೆ 48 ನಿಮಿಷ. ಆರು ನಿಮಿಷ ಅಂದರೆ ಮೂರು ಗಂಟೆ. ಸೂರ್ಯ 45 ಡಿಗ್ರಿ ಮೇಲೆ ಹೋಗಿದ್ದಾನೆ. ಅಕ್ಕಪಕ್ಕದ ಫ್ರೇಮುಗಳ ನಡುವೆ ಬರೀ ಐದೈದು ಡಿಗ್ರಿ, ಅದಕ್ಕೇ ನಡುವಿನ ಒಂದು ಸೀಮಿನಲ್ಲೂ ಗೊತ್ತಾಗಲಿಲ್ಲ. ಪೂರ್ತಿ ವ್ಯತ್ಯಾಸ ಕೊನೆಯ ಫ್ರೇಮು ಮೊದಲನೆಯದಕ್ಕೆ ಸೇರುವಲ್ಲಿ ಬಂದು ಕೂತಿತ್ತು. ಮಾನಿಟರಿನಲ್ಲಿ ಆ ಎರಡು ತುದಿಗಳು ಪಕ್ಕಪಕ್ಕ ಬರುವುದೇ ಇಲ್ಲ. ಸೂರ್ಯ ಚಿತ್ರದಲ್ಲಿ ಇಲ್ಲದ್ದೂ ಅದಕ್ಕೇ. ನನ್ನ ಕ್ಯಾಮರಾ ಪೂರ್ವಕ್ಕೆ ತಿರುಗುವ ಹೊತ್ತಿಗೆ ಅವನು ಫ್ರೇಮಿನ ಮೇಲೆ ದಾಟಿ ಹೋಗಿದ್ದ. ಆ ಹುಡುಗಿ ಕೇಳಿದ ಒಂದು ಪ್ರಶ್ನೆಯಲ್ಲಿ ಇಷ್ಟೂ ಇತ್ತು.

ನನಗೆ ಇವತ್ತಿಗೂ ಚುಚ್ಚುವುದು ಇನ್ನೊಂದು. ಟೈಲ್ಸ್ ಹಾಗೆ ಪಕ್ಕಪಕ್ಕ ಜೋಡಿಸುವ ಟೈಲಿಂಗ್ ಟೆಕ್ಸ್ಚರ್ ಮಾಡುವಾಗ ದಿನಾ ಫೋಟೋಶಾಪ್‌ನಲ್ಲಿ ಆಫ್‌ಸೆಟ್ ಫಿಲ್ಟರ್ ಹಾಕಿ ಎರಡು ತುದಿಯನ್ನು ನಡುವಿಗೆ ತಂದು ನೋಡುತ್ತೇನೆ. ಕೈ ತಾನಾಗಿ ಮಾಡುವ ಕೆಲಸ ಅದು. ಇದಕ್ಕೂ 12 ಸಾವಿರ ಪಿಕ್ಸೆಲ್ ಸರಿಸಿದ್ದರೆ ಹತ್ತು ಸೆಕೆಂಡಿನಲ್ಲಿ ಗೊತ್ತಾಗುತ್ತಿತ್ತು. ಇದು ಚಿತ್ರ, ಟೆಕ್ಸ್ಚರ್ ಅಲ್ಲ ಅಂತ ತಲೆಯಲ್ಲಿ ಬೇರೆ ಡಬ್ಬಿಗೆ ಹಾಕಿಬಿಟ್ಟಿದ್ದೆ.

ಮ್ಯಾನೇಜರ್‌ಗೆ ಫೋನ್ ಮಾಡಿದೆ. ‘ಯಾರು ನೋಡ್ತಾರೆ ಅದನ್ನು?’ ಅಂದರು. ಬಾಗಿಲು ಮುಚ್ಚಿದ ಪ್ರತಿಯೊಬ್ಬರೂ ಮೊದಲು ನೋಡುವುದು ಅದನ್ನೇ. ವಿಡಿಯೋ ಕಾಲ್‌ನಲ್ಲಿ ಮರ ತೋರಿಸಿದ ಮೇಲೆ ಮರುಪ್ರಿಂಟಿಗೆ ಒಪ್ಪಿದರು. ಅಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿತ್ತು.

ಮಳೆಯಲ್ಲೇ ಸ್ಕೂಟರ್ ಓಡಿಸಿ ಆಫೀಸಿಗೆ ಬಂದೆ. ಆ ಹುಡುಗಿ ಇನ್ನೂ ಅಲ್ಲೇ ಇದ್ದಳು. ನಡೆದದ್ದು ಹೇಳಿ, ‘ನಿನ್ನ ಮಾತು ಕೇಳಬೇಕಿತ್ತು’ ಅಂದೆ. ಅವಳು ಏನೂ ಹೇಳದೆ ಗೇಮಿನ ಆಕಾಶವನ್ನು ನಡೆಸುವ ಸ್ಕೈ ಬ್ಲೂಪ್ರಿಂಟ್ ತೆರೆದಳು. ಪಾಝ್ ಆದಾಗಲೂ ಟಿಕ್ ಆಗುವ, ಅಂದರೆ ನಡೆಯುತ್ತಲೇ ಇರುವ, ಆಪ್ಶನ್ ಆನ್ ಇತ್ತು. ಪಾಝ್ ಮೆನು ಹಿಂದೆ ಆಕಾಶ ಬದಲಾಗುತ್ತಾ ಇದ್ದರೆ ಚೆಂದ ಅಂತ ಯಾರೋ ಯಾವಾಗಲೋ ಹಾಕಿದ್ದು. ಅದನ್ನು ಆಫ್ ಮಾಡಿ, ಸೂರ್ಯನನ್ನು ಏಳು ಗಂಟೆಯ ಎತ್ತರಕ್ಕೆ, 15 ಡಿಗ್ರಿಯಲ್ಲಿ, ಕೈಯಿಂದಲೇ ನಿಲ್ಲಿಸಿ, ಮತ್ತೆ ಹತ್ತು ಫ್ರೇಮ್. ಈ ಸಲ ಎಂಟನೆಯದರಲ್ಲಿ ಸೂರ್ಯ ಬಂದ. ಬ್ಲೂಮ್ ಇಲ್ಲದ ಸೂರ್ಯ ಬರೀ ಬಿಳಿ ಬೊಟ್ಟು. ಬ್ಲೂಮ್ ಹಾಕಿದರೆ ಪಕ್ಕದ ಫ್ರೇಮಿಗೆ ಹೊಂದುವುದಿಲ್ಲ. ಹೊಲಿದಾದ ಮೇಲೆ ಅವಳೇ ಬ್ರಶ್ ಹಿಡಿದು ಸುತ್ತ ಬೆಳಕು ಹಾಕಿದಳು, ನನಗಿಂತ ಚೆನ್ನಾಗಿ.

ಆಫ್‌ಸೆಟ್ ಹಾಕಿ ನೋಡಿದೆವು. ನಂಬಿಕೆ ಸಾಲದೆ ಎ4 ಹಾಳೆಯ ಉದ್ದಕ್ಕೆ ಒಂದು ಪಟ್ಟಿ ಪ್ರಿಂಟ್ ತೆಗೆದು, ಬಳೆ ಹಾಗೆ ಅಂಟಿಸಿ ಒಳಗಿನಿಂದಲೂ ನೋಡಿದೆವು. ಬುಧವಾರ ಟೈಮ್ ಇಲ್ಲ ಅಂತ ಬಿಟ್ಟ ಟೆಸ್ಟ್ ಪ್ರಿಂಟ್ ಅಂದರೆ ಇಷ್ಟೇ ಆಗಿತ್ತು. ಐದು ನಿಮಿಷ.

ಅಂಗಡಿಯವರು ಶಟರ್ ಅರ್ಧ ಎಳೆದಿದ್ದರು. ‘ಎಂತ ಮಾರಾಯ್ರೆ, ಈ ಹೊತ್ತಿಗೆ?’ ಅಂದರು. ನನ್ನ ಮುಖ ನೋಡಿ ಮೆಶಿನ್ ಆನ್ ಮಾಡಿದರು. ರಾತ್ರಿ ಹನ್ನೊಂದೂವರೆಗೆ ಹತ್ತು ಅಡಿಯ ರೋಲಿನಲ್ಲಿ ದ್ವೀಪ ಇಂಚಿಂಚಾಗಿ ಹೊರಗೆ ಬರುವುದನ್ನು ನಿಂತು ನೋಡಿದೆ.

ಶನಿವಾರ ಬೆಳಗ್ಗೆ ಬಾಗಿಲು ಮುಚ್ಚಿ ಮೊದಲು ಒಳಗೆ ನಿಂತವಳು ಅವಳು. ಸೇರುವ ಕಡೆಯ ಮರವನ್ನು ನೋಡಿದಳು. ಆಮೇಲೆ ಎಡಕ್ಕೆ ತಿರುಗಿ ಪೂರ್ವಕ್ಕೆ ಬೆರಳು ತೋರಿಸಿದಳು. ಸೂರ್ಯ ಅಲ್ಲಿದ್ದ.

ಈಗ ಕ್ಯಾಪ್ಚರ್ ಕೆಲಸ ಪೂರ್ತಿ ಅವಳದ್ದೇ. ಆ ಆಪ್ಶನ್ ಬಗ್ಗೆ ಅದೇ ವಾರ ಟಿಕೆಟ್ ಹಾಕಿದ್ದೆ, ಫೋಟೋ ಮೋಡ್‌ಗಾದರೂ ಆಕಾಶ ನಿಲ್ಲಲಿ ಅಂತ. ಲೋ ಪ್ರಯಾರಿಟಿ ಅಂತ ಗುರುತು ಹಾಕಿದ್ದಾರೆ. ಇನ್ನೂ ಓಪನ್ ಇದೆ.