411 ದಿನ, ಆಮೇಲೆ ಒಂದೂವರೆ ನಿಮಿಷ

ನಮ್ಮ ಮನೆಯ ಟಿವಿ ಸ್ಟ್ಯಾಂಡ್ ಕೆಳಗೆ ಒಂದು ಕಪ್ಪು ಡಬ್ಬ ಕೂತಿದೆ. ಎಸ್‌ಪಿ ರೋಡಿನಲ್ಲಿ ಚೌಕಾಸಿ ಮಾಡಿ ತಂದ ಹಳೇ ಆಫೀಸ್ ಡೆಸ್ಕ್‌ಟಾಪ್, ಈಗ ನಮ್ಮ ಮನೆಯ ಸರ್ವರ್. ಆರನೇ ಜನರೇಶನ್ ಐ5, 16 ಜಿಬಿ ರ‍್ಯಾಮ್, ಎರಡು 4 ಟಿಬಿ ಡಿಸ್ಕ್ ಝಡ್‌ಎಫ್‌ಎಸ್ ಮಿರರ್‌ನಲ್ಲಿ, ಒಂದರಲ್ಲಿರುವುದೇ ಇನ್ನೊಂದರಲ್ಲೂ. ಎರಡನೇ ಡಿಸ್ಕಿಗೆ ಜಾಗ ಇರಲಿಲ್ಲ, ಡಿವಿಡಿ ಡ್ರೈವ್ ಕಿತ್ತು ಆ ಗೂಡಿಗೆ ತುರುಕಿದ್ದೇನೆ. ಮುಚ್ಚಳ ಇವತ್ತಿಗೂ ಪೂರ್ತಿ ಕೂರುವುದಿಲ್ಲ. ಡೆಬಿಯನ್ 12 ಲಿನಕ್ಸ್ ಹಾಕಿ, ಫೋಟೋಗಳಿಗೆ ಇಮ್ಮಿಚ್, ಜಾಹೀರಾತು ತಡೆಯಲು ಪೈ-ಹೋಲ್, ಅಪ್ಪನ ತಾಳಮದ್ದಳೆ ಕ್ಯಾಸೆಟ್ಟುಗಳಿಂದ ಇಳಿಸಿದ ಆಡಿಯೋಗಳಿಗೆ ಜೆಲ್ಲಿಫಿನ್. ಸರಾಸರಿ 25 ವ್ಯಾಟ್ ತಿನ್ನುತ್ತದೆ, ಅಂದರೆ ತಿಂಗಳಿಗೆ 18 ಯೂನಿಟ್. ಈ ಲೆಕ್ಕವನ್ನು ಹೆಂಡತಿಗೆ ಮೂರು ಸಲ ಒಪ್ಪಿಸಿದ್ದೇನೆ.

ರಾತ್ರಿ ಊಟ ಆದಮೇಲೆ ಎಚ್‌ಟಾಪ್ (ಯಂತ್ರದ ಒಳಗೆ ಏನು ಓಡುತ್ತಿದೆ ಅಂತ ತೋರಿಸುವ ಪರದೆ) ತೆರೆದು ಸುಮ್ಮನೆ ನೋಡುತ್ತಾ ಕೂರುವುದು ನನ್ನ ಚಟ. ನಾಲ್ಕು ಕೋರ್‌ಗಳ ಪಟ್ಟಿ ಒಂದೊಂದು ಪರ್ಸೆಂಟಿನಲ್ಲಿ ಮಿಣುಕುತ್ತಿರುತ್ತದೆ. ಸಣ್ಣ ಉರಿಯಲ್ಲಿ ಹಾಲು ಉಕ್ಕದೆ ಕಾಯುವುದನ್ನು ನೋಡಿದ ಹಾಗೆ. ಕೆಳಗಡೆ ಅಪ್‌ಟೈಮ್, ಅಂದರೆ ನಿಲ್ಲದೆ ಓಡಿದ ಕಾಲ: 263 ದಿನ. ನಾನೇ ಸ್ಕ್ರೂ ಹಾಕಿದ ಯಂತ್ರ, ಯಾರ ಅಪ್ರೂವಲ್ಲೂ ಬೇಕಿರಲಿಲ್ಲ, ತಾನಾಗಿ ನಡೆಯುತ್ತಿದೆ. ಈ ಸುಖ ನನಗೆ ಆಫೀಸಿನಲ್ಲಿ ಸಿಕ್ಕಿದ್ದು ಕಡಿಮೆ.

ಅದೇ ಸುಖ ತಲೆಗೇರಿ ಆಫೀಸಿಗೂ ಬಂತು, ತೊಂದರೆ ಶುರುವಾಗಿದ್ದು ಅಲ್ಲೇ.

ಪೀಣ್ಯದ ಒಂದು ಫ್ಯಾಕ್ಟರಿಯ ಐಟಿ ನನ್ನ ಹೊಣೆ. ಡಿಸ್ಪ್ಯಾಚ್ ಸರ್ವರ್‌ನ ಅಪ್‌ಟೈಮ್ 411 ದಿನ ಆಗಿತ್ತು. ಪ್ಯಾಚ್ ಹಾಕಿ ರೀಬೂಟ್ ಮಾಡಲು ವಿಂಡೋ (ಸರ್ವರ್ ನಿಲ್ಲಿಸಲು ಒಂದಿಷ್ಟು ಹೊತ್ತು) ಕೊಡಿ ಅಂತ ಎರಡು ಸಲ ಮೇಲ್ ಹಾಕಿದ್ದೆ. ಎರಡು ಸಲವೂ 'ಮಂತ್ ಎಂಡ್ ಆಗಲಿ' ಅಂದರು. ನಮ್ಮಲ್ಲಿ ತಿಂಗಳು ಪೂರ್ತಿ ಮಂತ್ ಎಂಡೇ. ಆಮೇಲೆ ಕೇಳುವುದನ್ನೇ ಬಿಟ್ಟು, ಆ 411ನ್ನು ರಿವ್ಯೂ ಸ್ಲೈಡಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಕೊಂಡೆ. ಲಿನಕ್ಸ್‌ನ ಹಳೇ 2.4 ಕರ್ನಲ್ ಕಾಲದಲ್ಲಿ 497 ದಿನ ದಾಟಿದರೆ ಅಪ್‌ಟೈಮ್ ಕೌಂಟರ್ ಮತ್ತೆ ಸೊನ್ನೆಗೆ ಬರುತ್ತಿತ್ತು, ಈಗ ಆ ಭಯ ಇಲ್ಲ ಅಂತ ಮೀಟಿಂಗಿನಲ್ಲಿ ಜೋಕ್ ಬೇರೆ ಹೊಡೆದೆ. ಯಾರೂ ನಗಲಿಲ್ಲ.

ಒಂದು ಭಾನುವಾರ ಲೈನ್ ಕೆಲಸಕ್ಕೆ ಇಡೀ ದಿನ ಕರೆಂಟ್ ಕಟ್. ಯುಪಿಎಸ್ ಬ್ಯಾಟರಿ ಊದಿಕೊಂಡು ತಿಂಗಳುಗಳೇ ಆಗಿದ್ದವು, ಹೊಸದರ ಪಿಓ (ಖರೀದಿ ಆದೇಶ) ಯಾರದೋ ಟೇಬಲ್ ಮೇಲೆ ಮಲಗಿತ್ತು. ಮನೆಯಿಂದಲೇ ಲಾಗಿನ್ ಆಗಿ ಶಟ್‌ಡೌನ್ ಕೊಟ್ಟೆ. ಸಂಜೆ ಸೆಕ್ಯುರಿಟಿಯವರು ಫೋನ್ ಮಾಡಿ 'ಬಟನ್ ಒತ್ತಿದೀನಿ ಸಾರ್, ಲೈಟ್ ಬಂತು' ಅಂದರು. ನಾನು 'ಸರಿ' ಅಂದೆ. ಸರ್ವರ್ ಉತ್ತರ ಕೊಡುತ್ತದೆಯೇ ಅಂತ ಒಂದು ಪಿಂಗ್ ಹೊಡೆದು ನೋಡಬಹುದಿತ್ತು. ಆಗ ನಾನು ಮನೆ ಡಬ್ಬದ ಗ್ರಾಫ್ ನೋಡುತ್ತಿದ್ದೆ.

ಸೋಮವಾರ ಬೆಳಗ್ಗೆ 5:20ಕ್ಕೆ ಫೋನ್. ಗೇಟ್ ಪಾಸ್ ಪ್ರಿಂಟ್ ಆಗುತ್ತಿಲ್ಲ, ಐದು ಲಾರಿ ನಿಂತಿವೆ. ಬೈಕ್ ಹತ್ತಿ ಹೋದೆ. ಸರ್ವರ್ ರೂಮಿನ ಪರದೆ ಮೇಲೆ ರೂಟ್ ಪಾಸ್‌ವರ್ಡ್ ಕೇಳುತ್ತಾ ಎಮರ್ಜೆನ್ಸಿ ಮೋಡ್ ನಿಂತಿತ್ತು, ಅಂದರೆ ಸರ್ವರ್ ಪೂರ್ತಿ ಏಳಲಾಗದೆ ಅರ್ಧಕ್ಕೇ ನಿಂತಿತ್ತು. ಆ ಪಾಸ್‌ವರ್ಡ್ ಇಟ್ಟವರು ನನಗಿಂತ ಮುಂಚೆ ಇದ್ದವರು. ಅದು ಸೀಲ್ ಮಾಡಿದ ಕವರಿನಲ್ಲಿ, ಕವರು ಅಕೌಂಟ್ಸ್ ಬೀರುವಿನಲ್ಲಿ, ಬೀರುವಿನ ಕೀ ಅಕೌಂಟ್ಸ್‌ನವರ ಹತ್ತಿರ, ಅವರು ಯಾರದೋ ಗೃಹಪ್ರವೇಶಕ್ಕೆ ಊರಿಗೆ.

ರೀಸ್ಟಾರ್ಟ್ ಮಾಡಿದೆ. ಡೇಟಾ ಡಿಸ್ಕಿಗಾಗಿ ಕಾಯುವ ಆ ಸಾಲು ಬಂತು, ಪಕ್ಕದಲ್ಲಿ ಸೆಕೆಂಡುಗಳ ಎಣಿಕೆ, ಒಂದೂವರೆ ನಿಮಿಷದ ಗಡುವು. ಕೆಂಪು ನಕ್ಷತ್ರಗಳು ಎಡಕ್ಕೂ ಬಲಕ್ಕೂ ಓಡಾಡುತ್ತವೆ. ಒಂದೂವರೆ ನಿಮಿಷ ಎಷ್ಟು ಉದ್ದ ಅಂತ ನನಗೆ ಗೊತ್ತಾಗಿದ್ದು ಅವತ್ತು. ಹಿಂದಿನಿಂದ ಲಾರಿ ಹಾರ್ನ್. ಗಡುವು ಮುಗಿದು ಮತ್ತೆ ಅದೇ ಎಮರ್ಜೆನ್ಸಿ ಮೋಡ್. ಡಿಸ್ಕ್ ಎಳೆದು, ಊದಿ, ಅದರ ಗೂಡಿನಲ್ಲಿ ವಾಪಸ್ ಕೂರಿಸಿದೆ. ಒಂದೂವರೆ ನಿಮಿಷ. ಬೇರೆ ಗೂಡಿಗೆ ಹಾಕಿದೆ. ಒಂದೂವರೆ ನಿಮಿಷ. ನಾಲ್ಕನೇ ಸಲಕ್ಕೆ ನನ್ನ ಮನಸ್ಸು ತೀರ್ಪು ಕೊಟ್ಟಾಗಿತ್ತು: ಕರೆಂಟ್ ಬರುವಾಗ ಸರ್ಜ್ ಆಗಿ ಡಿಸ್ಕ್ ಸುಟ್ಟಿದೆ. ಮ್ಯಾನೇಜರ್‌ಗೆ ಫೋನ್ ಮಾಡಿ ಗಂಭೀರ ದನಿಯಲ್ಲಿ, 'ಡಿಸ್ಕ್ ಹೋಗಿದೆ, ಬ್ಯಾಕಪ್‌ನಿಂದ ರಿಸ್ಟೋರ್ ಮಾಡಬೇಕು, ಮಧ್ಯಾಹ್ನ ಆಗುತ್ತೆ' ಅಂದೆ. ಅವರು ಪ್ಲಾಂಟ್ ಹೆಡ್‌ಗೆ ಹೇಳಿದರು. ಪ್ಲಾಂಟ್ ಹೆಡ್ ಖುದ್ದು ಗೇಟಿಗೆ ಬಂದು ಪಾಸ್‌ಗಳನ್ನು ಕೈಯಲ್ಲಿ ಬರೆಸಲು ನಿಂತರು.

ಆರು ಗಂಟೆ ಶಿಫ್ಟಿಗೆ ಬಂದ ಟ್ರೇನಿ ಹುಡುಗ ಟಿಫನ್ ಡಬ್ಬಿ ಕೆಳಗಿಟ್ಟು ಕೇಳಿದ: 'ಸಾರ್, ಬಯೋಸ್‌ನಲ್ಲಿ ಡಿಸ್ಕ್ ಕಾಣ್ತಾ ಇದೆಯಾ?'

ನಾನು ನೋಡಿರಲಿಲ್ಲ. ಕಾಣುತ್ತಿತ್ತು.

ಅವನು ತನ್ನದೇ ಲಿನಕ್ಸ್ ಇರುವ ಲೈವ್ ಪೆನ್‌ಡ್ರೈವ್ ಹಾಕಿ ಅದರಿಂದ ಬೂಟ್ ಮಾಡಿದ. ಪಾಸ್‌ವರ್ಡಿನ ರಗಳೆಯೇ ಬೇಕಾಗಿರಲಿಲ್ಲ. ಎಫ್‌ಎಸ್‌ಟ್ಯಾಬ್ (ಏಳುವಾಗ ಯಾವ ಡಿಸ್ಕ್ ಜೋಡಿಸಬೇಕು ಅಂತ ಬರೆದಿರುವ ಫೈಲ್) ತೆರೆದು, ಡಿಸ್ಕುಗಳ ಗುರುತು ಸಂಖ್ಯೆ, ಅಂದರೆ ಯುಯುಐಡಿ, ತೋರಿಸುವ ಬಿಎಲ್‌ಕೆಐಡಿ ಓಡಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು, 'ಈ ಯುಯುಐಡಿ ಯಾವ ಡಿಸ್ಕಿಂದು ಸಾರ್?' ಅಂದ.

ಅದು ನನ್ನ ಡ್ರಾಯರ್‌ನಲ್ಲಿದ್ದ ಡಿಸ್ಕಿನದು. ಎಂಟು ತಿಂಗಳ ಹಿಂದೆ ಪೆಂಡಿಂಗ್ ಸೆಕ್ಟರ್ (ಓದಲಾಗದ ಜಾಗ) ಏರುತ್ತಿದೆ ಅಂತ ಸರ್ವರ್ ನಿಲ್ಲಿಸದೆಯೇ ಬದಲಾಯಿಸಿದ್ದೆ. ಹೊಸದಕ್ಕೆ ಆರ್‌ಸಿಂಕ್‌ನಿಂದ ಡೇಟಾ ನಕಲು ಮಾಡಿ, ಕೈಯಲ್ಲೇ ಮೌಂಟ್ ಮಾಡಿ (ಜೋಡಿಸಿ), ಎಫ್‌ಎಸ್‌ಟ್ಯಾಬ್ ನಾಳೆ ತಿದ್ದಿದರಾಯಿತು ಅಂತ ಮನೆಗೆ ಹೋಗಿದ್ದೆ. ಓಡುತ್ತಿರುವ ಯಂತ್ರಕ್ಕೆ ಆ ಫೈಲ್ ಬೇಕಿರಲಿಲ್ಲ. ಹಾಗಾಗಿ ಆ ತಪ್ಪು ಎಂಟು ತಿಂಗಳು 411ರ ಹಿಂದೆ ಬೆಚ್ಚಗೆ ಮಲಗಿತ್ತು. ಒಂದು ಸಾಲು ತಿದ್ದಿದೆವು. 7:10ಕ್ಕೆ ಮೊದಲ ಪಾಸ್ ಪ್ರಿಂಟ್ ಆಯಿತು. 'ಮಧ್ಯಾಹ್ನ ಅಂದಿದ್ರಲ್ಲ?' ಅಂತ ಪ್ಲಾಂಟ್ ಹೆಡ್ ಕೇಳಿದಾಗ 'ಬೇಗ ಆಯ್ತು ಸರ್' ಅಂದುಬಿಟ್ಟೆ. ಇದು ಈಗಲೂ ಚುಚ್ಚುತ್ತದೆ. ಹುಡುಗ ಪಕ್ಕದಲ್ಲೇ ನಿಂತಿದ್ದ, ಏನೂ ಹೇಳಲಿಲ್ಲ. ನಿಜವನ್ನು ಮರುದಿನ ಮೇಲ್‌ನಲ್ಲಿ ಬರೆದೆ, ಅವನ ಹೆಸರು ಹಾಕಿ. ಆ ಮೇಲ್‌ಗೆ ಉತ್ತರ ಬರಲಿಲ್ಲ. ಬ್ಯಾಟರಿ ಪಿಓ ಮಾತ್ರ ಅದೇ ವಾರ ಸಹಿ ಆಯಿತು.

ಅವತ್ತು ರಾತ್ರಿ ಮನೆ ಡಬ್ಬದ ಮುಂದೆ ಕೂತೆ. 264 ದಿನ. ಎಚ್‌ಟಾಪ್ ಅದೇ ಹಾಲಿನ ಹಾಗೆ ಮಿಣುಕುತ್ತಿತ್ತು, ಆದರೆ ನನಗೆ ಹಿಂದಿನ ಸುಖ ಸಿಗಲಿಲ್ಲ. ಇದು ಓಡುತ್ತಿದೆ ಅನ್ನುವುದು ಗೊತ್ತು, ನಿಂತರೆ ಏಳುತ್ತದೆಯೇ ಗೊತ್ತಿಲ್ಲ. ರೀಬೂಟ್ ಅಂತ ಟೈಪ್ ಮಾಡಿ ಎಂಟರ್ ಒತ್ತಲು ನಿಜಕ್ಕೂ ಕೈ ತಡೆಯಿತು. ಒತ್ತಿದೆ.

ಮಿರರ್ ಬಂತು, ಫೋಟೋ ಬಂತು, ತಾಳಮದ್ದಳೆ ಬಂತು. ಒಳಗಿನಿಂದ ಹೆಂಡತಿಯ ದನಿಯೂ ಬಂತು: 'ರೀ, ನೆಟ್ ಹೋಯ್ತು!' ಪೈ-ಹೋಲ್ ಎದ್ದಿರಲಿಲ್ಲ. ಅದನ್ನು ಡಾಕರ್ ಅನ್ನುವ ಬೇರೆ ಬೇರೆ ಸೇವೆಗಳನ್ನು ಓಡಿಸುವ ತಂತ್ರಾಂಶದಲ್ಲಿ ಓಡಿಸುವಾಗ ರೀಸ್ಟಾರ್ಟ್ ಪಾಲಿಸಿ ಕೊಟ್ಟೇ ಇರಲಿಲ್ಲ. ಕೊಡದಿದ್ದರೆ ಅದು ತಾನಾಗಿ ಏಳುವುದಿಲ್ಲ. ಇಡೀ ಮನೆಯ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿನಿಂದ ಅದರ ವಿಳಾಸ ಹುಡುಕುವ ಕೆಲಸ) ಅದರ ಮೇಲೆ. ಅಮೆರಿಕದವರ ಜೊತೆ ಕಾಲ್‌ನಲ್ಲಿದ್ದ ಹೆಂಡತಿಗೆ 18 ಯೂನಿಟ್ ಲೆಕ್ಕ ಹೇಳುವ ಸಮಯ ಅದಾಗಿರಲಿಲ್ಲ.

ಈಗ ತಿಂಗಳ ಮೊದಲ ಭಾನುವಾರ ಪ್ಲಗ್‌ವರೆಗೂ ಹೋಗಿ ಡಬ್ಬ ಆರಿಸುತ್ತೇನೆ. ಮತ್ತೆ ಆನ್ ಮಾಡಿ ಕೈಕಟ್ಟಿ ಕೂರುತ್ತೇನೆ. ಸೇವೆಗಳು ಒಂದೊಂದಾಗಿ ಹಸಿರಾಗುತ್ತಾ ಬರುವುದು, ನಾನು ಏನನ್ನೂ ಮುಟ್ಟದೆ ಕೊನೆಯದೂ ಏಳುವುದು, ಇದು ಎಚ್‌ಟಾಪ್ ನೋಡುವುದಕ್ಕಿಂತ ರುಚಿಯಾದ ಚಟ. ಅಪ್‌ಟೈಮ್ ಮೂವತ್ತೈದು ದಾಟುವುದಿಲ್ಲ. ಆಫೀಸಿನಲ್ಲೂ ವಿಂಡೋ ಕೇಳಿದ್ದೇನೆ, ಮಂತ್ ಎಂಡ್ ಆಗಲಿ ಅಂದಿದ್ದಾರೆ.

ಮೊನ್ನೆ ಪ್ಲಗ್ ಹತ್ತಿರ ಬಗ್ಗಿದಾಗ ಅಪ್ಪ ಕುರ್ಚಿಯಿಂದಲೇ ಕೈ ಎತ್ತಿದರು. 'ಇವತ್ತೂ ಆರಿಸ್ತೀಯಾ? ತಡಿ, ಕರ್ಣ ಇನ್ನೂ ಸತ್ತಿಲ್ಲ.'